ಹೆಸರು ಕೊರೆಸಿದ ತಾಟು

ಆಳಂದ
9 ನವೆಂಬರ್ 2023

ಖಾಸೀಂಬಿಗೆ ಅಣ್ಣ ಹುಸೇನಸಾಬನ ಸಲಾಮು. ನಾನು ಇದ್ದೇನೆ. ನೀನೂ ಇದ್ದೀಯ ಎಂದುಕೊಂಡಿದ್ದೇನೆ. ಮುಂದಿನ ಮಾತು ಸಿಹಿಯಾಗಿಲ್ಲ.

ಫೋನು ಮಾಡಬೇಡ ಎಂದು ಎಷ್ಟು ಸಲ ಹೇಳಬೇಕು? ನನ್ನ ಕಿವಿ ಹೋಗಿ ನಾಲ್ಕು ವರ್ಷವಾಯಿತು. ನೀನು ಅದರೊಳಗೆ ಚೀರುತ್ತೀ, ನನಗೆ ಒಲೆಯಲ್ಲಿ ಹಸಿ ಕಟ್ಟಿಗೆ ಸಿಡಿದಂತೆ ಕೇಳುತ್ತದೆ. ನಿನ್ನ ಭಾಬಿ ವಜೀರುನ್ನಿಸಾಳ ಕೈಗೆ ಫೋನು ಕೊಟ್ಟರೆ ಅವಳು ತನಗೆ ಬೇಕಾದ್ದನ್ನಷ್ಟೇ ನನಗೆ ಹೇಳುತ್ತಾಳೆ. ಕಾಗದ ಬರಿ. ನಾನು ನಾಲ್ಕನೇ ಇಯತ್ತೆ, ನೀನು ಏಳನೇ ಇಯತ್ತೆ. ಮನೆಯಲ್ಲಿ ಆಡುವ ಮಾತು ಬೇರೆಯಾದರೂ ಇಬ್ಬರಿಗೂ ಬರೆಯಲು ಬರುವುದು ಕನ್ನಡವೇ. ಜಗಳಕ್ಕೆ ಅಷ್ಟು ಸಾಕು.

ವಿಷಯ ನಿನ್ನ ಮಗನದು. ಎರಡು ವರ್ಷದ ಹಿಂದೆ ಫಯಾಜನನ್ನು ತಂದು ಬಿಟ್ಟೆ. 'ಗಂಡು ಮಕ್ಕಳಿಲ್ಲದ ಮನೆ, ನಿಮ್ಮ ಡೇಗು ಹಿಡಿಯಾಕ ಒಬ್ಬ ಬೇಕಲ್ರಿ' ಎಂದೆ. ನಾನೂ ಹೂಂ ಎಂದೆ. ಮೊದಲ ವರ್ಷ ಚೆನ್ನಾಗಿದ್ದ. ಐನೂರು ಜನರ ಅನ್ನ ಬೇಯುವ ಹಂಡೆಯಂಥ ಡೇಗನ್ನು ಒಬ್ಬನೇ ಬಸಿಯುತ್ತಿದ್ದ. ಈಗ ಏನಾಗಿದೆಯೋ ಇವನಿಗೆ, ಬುದ್ಧಿಗೆ ತುಕ್ಕು ಹಿಡಿದಿದೆ.

ಹೋದ ವಾರ ಹಿರೋಳ್ಳಿಯಲ್ಲಿ ಮದುವೆ. ನಾನು ಅಡುಗೆಯನ್ನು ನಾಲಿಗೆಗೆ ಹಚ್ಚಿ ನೋಡುವವನಲ್ಲ, ನಿನಗೆ ಗೊತ್ತು. ಹಬೆ ಮೂಗಿಗೆ ಬಡಿದರೆ ಉಪ್ಪು ಎಷ್ಟಿದೆ ಎಂದು ತಿಳಿಯುತ್ತದೆ. ಮುಚ್ಚಳ ತೆಗೆದೆ, ಸಮುದ್ರದ ವಾಸನೆ. 'ಎಷ್ಟ ಸಲಾ ಹಾಕಿದೆಲೇ ಉಪ್ಪ?' ಎಂದೆ. ಕಣ್ಣು ಮಿಟುಕಿಸದೆ ನಿಂತ. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, 'ಹಾಕಿದೆನೋ ಇಲ್ಲೋ ನೆನಪಾಗ್ಲಿಲ್ರಿ ಮಾಮೂ, ಅದಕ್ಕ ಹಾಕಿದೆ' ಎಂದ. ಎಷ್ಟು ಸಲ ನೆನಪಾಗಲಿಲ್ಲವೋ ಅಷ್ಟು ಸಲ ಹಾಕಿದ್ದಾನೆ. ಬೀಗರ ಎದುರಿಗೇ ಸೌಟಿನಿಂದ ಎರಡು ಕೊಟ್ಟೆ. ಅತ್ತರೂ ಚಿಂತೆ ಇರಲಿಲ್ಲ. ಅಳಲೂ ಇಲ್ಲ. ಕಲ್ಲು.

ನಡೆಯುವಾಗ ಓಲಾಡುತ್ತಾನೆ. ಒಂದು ಈರುಳ್ಳಿ ಹೆಚ್ಚಲು ಒಂದು ನಮಾಜಿನ ಹೊತ್ತು ಬೇಕು. ಡೇಗಿನ ಹತ್ತಿರ ಚಪ್ಪಲಿ ಹಾಕಿಕೊಂಡು ಬರುತ್ತಾನೆ! ಅನ್ನ ಬೇಯುವ ಜಾಗದಲ್ಲಿ ಬರಿಗಾಲಲ್ಲಿ ನಿಲ್ಲಬೇಕು ಎಂಬುದು ನಮ್ಮ ಅಬ್ಬಾನ ಕಾಲದ ಕಾನೂನು. ಬೈದು ಬಿಡಿಸಿದ್ದೇನೆ.

ಬರುವ ಬಕ್ರೀದಿನ ತನಕ ನೋಡುತ್ತೇನೆ. ಸರಿಯಾದರೆ ನನ್ನ ಸೌಟು ಅವನಿಗೆ. ಇಲ್ಲದಿದ್ದರೆ ಸೌಟು ಮುಸ್ತಕೀಮನಿಗೆ, ನಿನ್ನ ಮಗ ನಿನಗೆ. ಮುಸ್ತಕೀಮ ಕೂಲಿಯವನಾದರೂ ಉಪ್ಪು ಹಾಕಿದ್ದನ್ನು ಮರೆಯುವುದಿಲ್ಲ.

ಹುಸೇನಸಾಬ


ಜೇವರ್ಗಿ
16 ನವೆಂಬರ್ 2023

ಭಾಯಿಜಾನ್ ಅವರಿಗೆ ನಿಮ್ಮ ತಂಗಿಯ ಸಲಾಮು.

ನಿಮ್ಮ ಕಾಗದ ಓದಿದೆ. ಹೊಡೆದದ್ದಕ್ಕೆ ನಾನು ಏನೂ ಅನ್ನುವುದಿಲ್ಲ, ನೀವು ಹಿರಿಯರು. ಆದರೆ ಅವನನ್ನು ಕೈಬಿಡಬೇಡಿ. ಇಲ್ಲಿ ಜೇವರ್ಗಿಯಲ್ಲಿ ಅವನಿಗೆ ಯಾರೂ ಕೆಲಸ ಕೊಡುವುದಿಲ್ಲ. ಯಾಕೆ ಎಂದು ಕೇಳಬೇಡಿ. ನಾನು ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯಲು ಹೋದರೆ ಮನೆಯಲ್ಲಿ ಒಬ್ಬನೇ ಗೋಡೆ ನೋಡುತ್ತಾ ಕೂಡುತ್ತಾನೆ. ನಿಮ್ಮ ಹತ್ತಿರ ಇದ್ದರೆ ನಾಲ್ಕು ಜನರ ನಡುವೆ ಇರುತ್ತಾನೆ. ಅವನಿಗೆ ಇರುವುದು ಅದೊಂದೇ ವಿದ್ಯೆ, ನಿಮ್ಮ ಒಲೆಯ ಮುಂದಿನ ಅದೊಂದೇ ಜಾಗ.

ಅವನು ಸಣ್ಣಂದಿನಿಂದ ರಕ್ತ ಕಡಿಮೆ ಇರುವ ಹುಡುಗ. ಒಂದು ಕೆಲಸ ಹೇಳಿ, ಅದು ಮುಗಿದ ಮೇಲೆ ಇನ್ನೊಂದು ಹೇಳಿ. ಎರಡು ಒಟ್ಟಿಗೆ ಹೇಳಿದರೆ ಎರಡೂ ಬಿದ್ದುಹೋಗುತ್ತವೆ. ರಾತ್ರಿ ಉಂಡ ಮೇಲೆ ಒಂದು ಗುಳಿಗೆ ತೆಗೆದುಕೊಳ್ಳುತ್ತಾನೆ, ರಕ್ತದ್ದು. ಅದೊಂದು ತಪ್ಪಬಾರದು. ಮೊದಲು ಅಂಗಾಲಿಗೆ ಖಾರ ಅರೆದು ಹಚ್ಚಿದಂತೆ ಉರಿಯುತ್ತದೆ ಎಂದು ಅಳುತ್ತಿದ್ದ. ಈಚೆಗೆ ಕೇಳಿದರೆ ಏನೂ ಇಲ್ಲ ಅನ್ನುತ್ತಾನೆ. ಕಾಲಿನದು ವಾಸಿಯಾಯಿತಲ್ಲ ಎಂದು ಖುಷಿಯಾಗಿದ್ದೇನೆ. ಮಿಕ್ಕಿದ್ದೂ ವಾಸಿಯಾಗುತ್ತದೆ.

ಅವರಪ್ಪ ತೀರಿದ ನಲವತ್ತನೆಯ ದಿನ ನೀವು ನಮ್ಮಿಬ್ಬರಿಗೆ ಹೊಸ ಸ್ಟೀಲಿನ ತಾಟು ಲೋಟ ತಂದು, ಅಂಗಡಿಯಲ್ಲೇ ಹೆಸರು ಕೊರೆಸಿ ಕೊಟ್ಟಿರಿ. 'ನಮ್ಮ ಮನ್ಯಾಗ ನಿಮ್ಮವು ನಿಮಗ' ಎಂದಿರಿ. ಫಯಾಜನನ್ನು ಬಿಡಲು ಬಂದಾಗ ತಂದುಕೊಂಡ ನನ್ನ ತಾಟನ್ನು ನಿನ್ನೆ ತಿಕ್ಕುವಾಗ ಹೆಸರು ಓದಿದೆ, ಇನ್ನೂ ಮಾಸಿಲ್ಲ. ಓಣಿಯಲ್ಲಿ ಎಲ್ಲರಿಗೂ ತೋರಿಸಿದ್ದೇನೆ, ವಿಧವೆ ತಂಗಿಗೆ ಹೆಸರು ಕೊರೆಸಿ ಕೊಡುವ ಅಣ್ಣ ಯಾರಿಗಿದ್ದಾನೆ ಎಂದು. ಫಯಾಜನದು ಅಲ್ಲೇ ಇದೆಯಲ್ಲ, ಅದರಲ್ಲೇ ಅವನಿಗೆ ಬಡಿಸಿರಿ. ಬೇರೆ ತಾಟಿನಲ್ಲಿ ಉಂಡರೆ ಅವನಿಗೆ ಹೊಟ್ಟೆ ತುಂಬುವುದಿಲ್ಲ.

ನಿಮ್ಮ ಖಾಸೀಂಬಿ


ಆಳಂದ
20 ಡಿಸೆಂಬರ್ 2023

ಖಾಸೀಂಬಿ,

ನಿನ್ನ ಮಗನ ರೋಗ ನಾನು ಹಿಡಿದೆ. ಡಾಕ್ಟರು ಬೇಕಾಗಲಿಲ್ಲ.

ಭೂಸನೂರಿನ ಕೆಲಸ ಮುಗಿಸಿ ಬಂದು ಅವನ ಗಂಟು ಬಿಚ್ಚಿಸಿದೆ. ಅಂಗಿಯ ಕೆಳಗೆ ಸುಪಾರಿ ಡಬ್ಬಿ. ಡಬ್ಬಿಯಲ್ಲಿ ಸುಪಾರಿ ಇಲ್ಲ, ಬಿಳಿ ಗುಳಿಗೆ, ಒಂದು ಮುಷ್ಟಿ. ರಕ್ತದ ಗುಳಿಗೆಯನ್ನು ನಾನು ಕಂಡಿಲ್ಲವೇ? ಬಸುರಿಯರಿಗೆ ಕೊಡುತ್ತಾರಲ್ಲ, ಕೆಂಪಗಿರುತ್ತದೆ. ಇವಕ್ಕೆ ಹೆಸರಿಲ್ಲ, ಚೀಟಿ ಇಲ್ಲ. ಮರ್ಯಾದೆಯ ಔಷಧ ಯಾವುದಾದರೂ ಸುಪಾರಿ ಡಬ್ಬಿಯಲ್ಲಿ ಅಡಗಿ ಕೂಡುತ್ತದೆಯೇ?

'ಏನಲೇ ಇದು?'

'ಗುಳಿಗಿರಿ' ಎಂದು ಕಿವಿಯಲ್ಲಿ ಕೂಗಿದ.

'ಯಾತರದು?'

'ಅಮ್ಮಿ ಹೇಳಬ್ಯಾಡ ಅಂದಾಳ್ರಿ.'

'ನಶಾದ್ದಾ?'

ಸುಮ್ಮನೆ ನಿಂತ. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಇವನಿಗೆ ಅದಕ್ಕೂ ಹೊತ್ತು ಬೇಕಾಯಿತು. ಅಷ್ಟರಲ್ಲಿ ಡಬ್ಬಿ ಒಲೆಯಲ್ಲಿತ್ತು. ಉರಿಯುವುದನ್ನು ನೋಡುತ್ತಾ ನಿಂತಿದ್ದ. ಫೋನೂ ಕಸಿದುಕೊಂಡಿದ್ದೇನೆ. ಅದರಲ್ಲೇ ತರಿಸಿಕೊಳ್ಳುತ್ತಿರಬೇಕು.

ನೀನು ತಾಯಿಯಾಗಿ ನಶೆಗೆ ಕಾವಲು ಕೂತಿದ್ದೀಯ, ನಾಚಿಕೆಯಾಗಬೇಕು. ಹನ್ನೆರಡು ದಿನವಾಯಿತು, ಒಂದು ಗುಳಿಗೆ ಹೊಟ್ಟೆಗೆ ಹೋಗಿಲ್ಲ. ನಿನ್ನೆ ಸಾರಿಗೆ ಉಪ್ಪು ಸರಿ ಹಾಕಿದ. ನೋಡಿದೆಯಾ?

ಹುಸೇನಸಾಬ


ಜೇವರ್ಗಿ
26 ಡಿಸೆಂಬರ್ 2023

ಭಾಯಿಜಾನ್,

ಅಲ್ಲಾನ ಹೆಸರಿನಲ್ಲಿ ಕೇಳುತ್ತೇನೆ. ಅವು ನಶೆಯಲ್ಲ. ಚೀಟಿ ಕಿತ್ತವಳು ನಾನು, ಡಬ್ಬಿ ಬದಲಿಸಿದವಳು ನಾನು. ಯಾಕೆ ಎಂದು ಮುಖಕ್ಕೆ ಮುಖ ಕೊಟ್ಟು ಎಂದಾದರೂ ಹೇಳುತ್ತೇನೆ. ಬರೆಯಲು ಕೈ ಬರುವುದಿಲ್ಲ.

ಆಳಂದಕ್ಕೆ ಬರುವ ನಮ್ಮ ಓಣಿಯ ಮಾಸ್ತರರ ಕೈಯಲ್ಲಿ ಬೇರೆ ಡಬ್ಬಿ ಕಳಿಸಿದ್ದೇನೆ. ಎರಡು ತಿಂಗಳಿಗಾಗುತ್ತದೆ. ಇವತ್ತಿನ ರಾತ್ರಿಯಿಂದಲೇ ಕೊಡಿ. ನೀವು ನಿಂತು ನುಂಗಿಸಿ. ಇದೊಂದು ಮಾಡಿ, ಮುಂದೆ ಜನ್ಮದಲ್ಲಿ ಏನೂ ಕೇಳುವುದಿಲ್ಲ. ಕೊಡುವುದಿಲ್ಲ ಎಂದಾದರೆ ಒಂದು ಸಾಲು ಬರೆಯಿರಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಖಾಸೀಂಬಿ


ಆಳಂದ
6 ಜನವರಿ 2024

ಡಬ್ಬಿ ಮುಟ್ಟಿತು. ದಿನಾ ಕೊಡುತ್ತಿದ್ದೇನೆ. ನೀನು ಬರಬೇಡ, ಮದುವೆಗಳ ಗಡಿಬಿಡಿ. ನಿನ್ನನ್ನು ನೋಡಿದರೆ ಇನ್ನೂ ಮೆತ್ತಗಾಗುತ್ತಾನೆ.

ಹುಸೇನಸಾಬ


ಆಳಂದ
29 ಫೆಬ್ರವರಿ 2024

ಖಾಸೀಂಬಿ,

ಕಾಗದ ಮುಟ್ಟಿದ ದಿನವೇ ಹೊರಟು ಬಾ. ನಿನ್ನ ಮಗನ ಕಾಲು ಸುಟ್ಟಿದೆ. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದ ಕೇಳು.

ಸೋಮವಾರ ಕರಜಗಿಯಲ್ಲಿ ಮದುವೆ, ಎಂಟುನೂರು ಜನ. ಬಿರಿಯಾನಿಯನ್ನು ದಮ್ಮಿಗೆ ಇಟ್ಟಿದ್ದೆವು. ಮುಚ್ಚಳದ ಮೇಲೂ ಕೆಂಡ, ಸುತ್ತಲೂ ಕೆಂಡ. ಇವನನ್ನು ಡೇಗಿನ ಹತ್ತಿರ ಕಾಯಲು ನಿಲ್ಲಿಸಿದ್ದೆ. ನೀನೇ ಹೇಳಿದೆಯಲ್ಲ, ಒಂದೇ ಕೆಲಸ ಕೊಡಿ ಎಂದು. ಒಂದೇ ಕೊಟ್ಟಿದ್ದೆ.

ಬೀಗರ ಜೊತೆ ನಿಂತಿದ್ದ ನನ್ನ ಮೂಗಿಗೆ ಬಂತು, ಮಾಂಸ ಹೊತ್ತಿದ ವಾಸನೆ. ಹೋಗಿ ನೋಡಿದರೆ ಇವನು ಕೈಕಟ್ಟಿ ನಿಂತಿದ್ದಾನೆ. 'ತಳಾ ಹಿಡಿಸಿದೆಲ್ಲಲೇ ಹಲ್ಕಾ!' ಎಂದು ಬೆನ್ನ ಮೇಲೆ ಸೌಟಿನಿಂದ ಬಾರಿಸಿದೆ. ಮೂರು ಸಲವೋ ನಾಲ್ಕು ಸಲವೋ. ಅವನ ತುಟಿ ಅಲುಗಿತು. ನನಗೆ ಕೇಳಲಿಲ್ಲ. ಮುಚ್ಚಳ ಸರಿಸಿದೆ. ಒಳಗೆ ಅನ್ನ ಮಲ್ಲಿಗೆಯ ಹಾಗಿದೆ, ತಳ ಹಿಡಿದಿಲ್ಲ. ವಾಸನೆ ಮಾತ್ರ ಬರುತ್ತಲೇ ಇದೆ. ಮತ್ತೊಂದು ಬಾರಿಸಿದೆ, ಇನ್ಯಾವ ಡೇಗಿಗೆ ಹಿಡಿಸಿದೆ ಎಂದು.

ಮುಸ್ತಕೀಮ ನನ್ನ ತೋಳು ಜಗ್ಗಿ ಕೆಳಗೆ ತೋರಿಸಿದ. ಇವನ ಎಡಗಾಲು ಕೆಂಡದ ಮೇಲಿತ್ತು. ಯಾವಾಗ ಇಟ್ಟನೋ. ಮುಖದಲ್ಲಿ ಏನೂ ಇಲ್ಲ, ಬಸ್ಸು ಕಾಯುವವನ ಹಾಗೆ. ಅವನು ಹೇಳುತ್ತಿದ್ದದ್ದು ಏನೆಂದು ಮುಸ್ತಕೀಮ ಆಮೇಲೆ ನನ್ನ ಕಿವಿಯಲ್ಲಿ ಕೂಗಿ ಹೇಳಿದ: 'ತಳಾ ಹಿಡದಿಲ್ರಿ ಮಾಮೂ, ನಾ ನೋಡಾಕತ್ತೇನ್ರಿ.'

ಊಟ ನಿಲ್ಲಲಿಲ್ಲ. ಎಂಟುನೂರು ಜನ ಉಂಡರು. ಅನ್ನ ಚೆನ್ನಾಗಿತ್ತು ಎಂದರು.

ಅಫಜಲಪುರದಲ್ಲಿ ಪಟ್ಟಿ ಕಟ್ಟಿಸಿದೆ. ನಿನ್ನೆ ರಾತ್ರಿ ಮೈ ಸೆಟೆದುಕೊಂಡು ಬಾಯಲ್ಲಿ ನೊರೆ ಬಂತು. ಇದು ನಶೆ ಬಿಟ್ಟದ್ದರ ಗುಣವೋ, ಬೇರೆಯದೋ, ನಿನಗೇ ಗೊತ್ತಿರಬೇಕು. ಬಾ.

ಹುಸೇನಸಾಬ


ಜೇವರ್ಗಿ
18 ಏಪ್ರಿಲ್ 2024

ಭಾಯಿಜಾನ್ ಅವರಿಗೆ,

ಅವತ್ತು ಫಯಾಜನನ್ನು ಕರೆದುಕೊಂಡು ಹೋಗಲು ಬಂದಾಗ ನಿಮ್ಮ ಮನೆಯಲ್ಲಿ ಮಾತಾಡಲಿಲ್ಲ. ನೀವು ಕೇಳಲೂ ಇಲ್ಲ. ಕಲಬುರಗಿಯ ದವಾಖಾನೆಯಲ್ಲಿ ಮೂವತ್ತೊಂದು ದಿನ ಇದ್ದು ಬಂದೆವು. ಫಯಾಜನ ಎಡಗಾಲಿನ ಮೂರು ಬೆರಳು ತೆಗೆದಿದ್ದಾರೆ. ತೆಗೆದ ಮೇಲೆ ನೋವಾಯಿತೇ ಎಂದು ಕೇಳಿದರೆ, 'ಯಾವ ಬೆರಳು ಅಮ್ಮಿ?' ಎಂದ.

ಮೊದಲು ಒಂದು ಮಾತು. ದಿನಾ ಕೊಡುತ್ತಿದ್ದೇನೆ ಎಂದು ನೀವು ಬರೆದ ಡಬ್ಬಿಯನ್ನು ಭಾಬಿ ನಿಮ್ಮ ಕಪಾಟಿನಿಂದ ತೆಗೆದು ನನ್ನ ಕೈಯಲ್ಲಿಟ್ಟರು. ನಾನು ಸುತ್ತಿದ ಟೇಪು ಹಾಗೇ ಇತ್ತು. ಅದು ಫಯಾಜನ ಪಾಲಲ್ಲ, ನನ್ನ ಪಾಲಿನ ಗುಳಿಗೆ. ಎರಡು ತಿಂಗಳು ನಾನು ನುಂಗದೆ ಅವನಿಗೆ ಕಳಿಸಿದ್ದೆ. ನಾನೂ ಉಪವಾಸ, ಅವನೂ ಉಪವಾಸ, ಗುಳಿಗೆ ನಿಮ್ಮ ಕಪಾಟಿನಲ್ಲಿ.

ಈಗ ಬರೆಯುತ್ತೇನೆ, ಕೈ ಬಂದಿದೆ. ನನಗೂ ಫಯಾಜನಿಗೂ ಎಚ್‌ಐವಿ ಇದೆ. ಇವನಪ್ಪ ಜಾವೀದ ಲಾರಿ ಓಡಿಸಲು ಹೋದಲ್ಲಿಂದ ತಂದ, ನನಗೆ ಕೊಟ್ಟ, ನನ್ನ ಹೊಟ್ಟೆಯಿಂದ ಇವನಿಗೆ ಹೋಯಿತು. ಜಾವೀದ ಸಾಯುವಾಗ ಟಿಬಿ ಎಂದರು. ನಾನೂ ಹಾಗೇ ನಂಬಿದ್ದೆ. 2010ರಲ್ಲಿ ಫಯಾಜನಿಗೆ ಹನ್ನೆರಡು ತುಂಬಿದಾಗ ಜ್ವರ ಬಂದು ಇಳಿಯಲೇ ಇಲ್ಲ, ಆಗ ರಕ್ತ ನೋಡಿದರು. ಅಂದಿನಿಂದ ಗುಳಿಗೆ.

ಡಾಕ್ಟರಮ್ಮ ಕೂಡಿಸಿಕೊಂಡು ಹೇಳಿದರು. ಈ ರೋಗ ರಕ್ತದಲ್ಲಷ್ಟೇ ಇರುವುದಿಲ್ಲವಂತೆ, ಮಿದುಳಿಗೂ ಹೋಗಿ ಕೂಡುತ್ತದಂತೆ. ಅಲ್ಲಿ ಕೂತರೆ ಮಾತು ನಿಧಾನ, ಕೈ ನಿಧಾನ, ಈಗ ಮಾಡಿದ್ದು ಈಗಲೇ ಮರೆವು. ಸಿಟ್ಟೂ ಬರುವುದಿಲ್ಲ, ಅಳುವೂ ಬರುವುದಿಲ್ಲ. ನೀವು ಕಲ್ಲು ಎಂದು ಬರೆದಿದ್ದಿರಿ. ಕಾಲಿನ ನರ ಮೊದಲು ಉರಿಯುತ್ತವೆ, ಆಮೇಲೆ ಸತ್ತಂತಾಗುತ್ತವೆ. ಉರಿ ನಿಂತಿದ್ದಕ್ಕೆ ನಾನು ಖುಷಿಪಟ್ಟಿದ್ದೆ, ನನ್ನಂಥ ಮೂರ್ಖಳಿಲ್ಲ. ಗುಳಿಗೆ ಇದಕ್ಕೆ ತಡೆ. ಇದ್ದದ್ದನ್ನು ಉಳಿಸುತ್ತದೆ, ಕಳೆದದ್ದನ್ನು ಸ್ವಲ್ಪ ಮರಳಿಸುತ್ತದೆ. ಎರಡೂವರೆ ತಿಂಗಳು ತಡೆ ಇಲ್ಲದ್ದಕ್ಕೆ ಮಿದುಳಿಗೆ ಬೇರೆ ಸೋಂಕೂ ಹತ್ತಿತು, ಫಿಟ್ಸು ಬಂತು.

ಅವರು ಇನ್ನೊಂದು ಹೇಳಿದರು. 'ಅಪ್ಪ ಸತ್ತಾಗ, ಆರು ವರ್ಷದವನಿದ್ದಾಗಲೇ ಪರೀಕ್ಷೆ ಮಾಡಿಸಿದ್ದರೆ, ಸರಕಾರಿ ದವಾಖಾನೆಗೆ ಗುಳಿಗೆ ಬಂದ ಕೂಡಲೇ ಶುರು ಮಾಡಬಹುದಿತ್ತು. ತಲೆಗೆ ಇಷ್ಟು ಹತ್ತುತ್ತಿರಲಿಲ್ಲ' ಎಂದರು. ಯಾರಿಗೆ ಗೊತ್ತಿತ್ತು ಭಾಯಿಜಾನ್, ಮಾಡಿಸಲಿಕ್ಕೆ?

ನಾನು ಮುಚ್ಚಿಟ್ಟದ್ದು ತಪ್ಪು. ಮುಚ್ಚಿಟ್ಟದ್ದಕ್ಕೇ ಚೀಟಿ ಕಿತ್ತೆ, ಚೀಟಿ ಕಿತ್ತದ್ದಕ್ಕೇ ನೀವು ಸುಟ್ಟಿರಿ. ಕ್ಷಮಿಸಿ. ಕಾಲು ಮಾಯ್ದ ಮೇಲೆ ಅವನನ್ನು ಮತ್ತೆ ನಿಮ್ಮ ಒಲೆಯ ಹತ್ತಿರ ಕರೆಸಿಕೊಳ್ಳಿ. ಕೂತು ಈರುಳ್ಳಿ ಹೆಚ್ಚಲಿ. ಉಂಡರೆ, ಮುಟ್ಟಿದರೆ ಈ ರೋಗ ಯಾರಿಗೂ ಬರುವುದಿಲ್ಲ. ಡಾಕ್ಟರಮ್ಮ ನನ್ನ ಡಬ್ಬಿಯ ರೊಟ್ಟಿ ಮುರಿದು ತಿಂದು ತೋರಿಸಿದರು.

ಖಾಸೀಂಬಿ


ಆಳಂದ
2 ಮೇ 2024

ಖಾಸೀಂಬಿ,

ಹದಿನಾಲ್ಕು ವರ್ಷ ಮುಚ್ಚಿಟ್ಟೆ. ಆ ರೋಗದವನನ್ನು ನನ್ನ ಡೇಗಿನ ಮುಂದೆ ನಿಲ್ಲಿಸಿದೆ. ಅಡುಗೆಯವನ ಮನೆ ಬೇ ಇದು! ಹಿರೋಳ್ಳಿ, ಕರಜಗಿ, ಭೂಸನೂರು, ಎಲ್ಲಿಯವರಿಗಾದರೂ ಗೊತ್ತಾದರೆ ನನ್ನ ಕೈಯ ಒಂದು ಅಗುಳು ಯಾರ ಗಂಟಲಲ್ಲಿ ಇಳಿಯುತ್ತದೆ? ಐವತ್ತು ವರ್ಷದ ಹೆಸರು ಒಂದು ದಿನಕ್ಕೆ ಹೋಗುತ್ತದೆ.

ಡಾಕ್ಟರಮ್ಮ ಏನು ಬೇಕಾದರೂ ತಿಂದು ತೋರಿಸಲಿ. ಅವರಿಗೆ ಸಂಬಳ ಇದೆ. ನನ್ನ ಮೊಮ್ಮಗಳು ಅಫ್ರೀನ ಇದೇ ಮನೆಯಲ್ಲಿ ಅವನ ಪಕ್ಕದಲ್ಲಿ ಕೂತು ಉಂಡಿದ್ದಾಳೆ. ನಾನು ಅಂದೇ ಎಚ್ಚರವಾಗಿ ನಿಮ್ಮಿಬ್ಬರ ತಾಟು ಲೋಟ ಬೇರೆ ಮಾಡದಿದ್ದರೆ ಈ ಮನೆಯ ಗತಿ ಏನಾಗುತ್ತಿತ್ತು, ಯೋಚಿಸು. ಅದೊಂದು ಬುದ್ಧಿ ನನಗೆ ಇತ್ತು ಎಂದು ಇಂದು ಮನೆ ಉಳಿದಿದೆ.

ಅವನು ಇಲ್ಲಿಗೆ ಬರುವುದು ಬೇಡ. ಗುಳಿಗೆಯ ಸುಳ್ಳು ಬರೆದದ್ದು ತಪ್ಪು, ಒಪ್ಪಿದೆ. ಕಾಲಿನದಕ್ಕೆ ನನ್ನನ್ನು ಬೈಯುವುದಾದರೆ ಬೈ.

ಹುಸೇನಸಾಬ


ಜೇವರ್ಗಿ
11 ಮೇ 2024

ಹುಸೇನಸಾಬನಿಗೆ,

ನಿನ್ನ ಕಾಗದವನ್ನು ಐದು ಸಲ ಓದಿದೆ. ಸಿಟ್ಟಿನಲ್ಲಿ ಬರೆಯುವವರು ತಾವು ಏನು ಬರೆದೆವು ಎಂದು ನೋಡುವುದಿಲ್ಲ. ನೀನು ನೋಡಿಲ್ಲ.

ಜಾವೀದ ಸತ್ತದ್ದು 2004ರಲ್ಲಿ. ತಾಟು ಕೊರೆಸಿದ್ದು ಅವನ ನಲವತ್ತನೆಯ ದಿನ. ನನಗೆ ರೋಗ ಗೊತ್ತಾದದ್ದು 2010ರಲ್ಲಿ. 'ಅಂದೇ ಎಚ್ಚರವಾಗಿ' ಎಂದು ಬರೆದಿದ್ದೀಯ. ಯಾವ ಅಂದು?

ನಿನಗೆ ಗೊತ್ತಿತ್ತು.

ನಾನು ಆ ತಾಟನ್ನು ಎದೆಗೆ ಒತ್ತಿಕೊಂಡು ಓಣಿಯ ತುಂಬ ತಿರುಗಿದೆ. ಅಣ್ಣ ಹೆಸರು ಕೊರೆಸ್ಯಾನ ನೋಡ್ರೀ ಎಂದೆ. ನಿನ್ನ ಮನೆಗೆ ಬಂದಾಗಲೆಲ್ಲ ಭಾಬಿ ನಮ್ಮ ತಾಟನ್ನು ಬೇರೆ ಗೂಡಿನಿಂದ ತೆಗೆದು ಬಡಿಸುತ್ತಿದ್ದರು. ಮನೆಮಗಳಿಗೆ ಕೊಡುವ ಮರ್ಯಾದೆ ಎಂದುಕೊಂಡೆ. ತಿಕ್ಕುವುದನ್ನೂ ನನಗೇ ಬಿಡುತ್ತಿದ್ದರು. ತವರಿನಲ್ಲಿ ತಂಗಿಗೆ ಸಲಿಗೆ ಎಂದುಕೊಂಡೆ.

ಆರು ವರ್ಷ, ಹುಸೇನಸಾಬ. ಡಾಕ್ಟರಮ್ಮ ಹೇಳಿದ ಆ ಆರು ವರ್ಷ ನಿನ್ನ ಹತ್ತಿರ ಇದ್ದವು. ನನಗೆ ಒಂದು ಮಾತು ಹೇಳುವ ಬದಲು ಅಂಗಡಿಗೆ ಹೋಗಿ ತಾಟು ತಂದೆ. ನಿನ್ನ ಕಿವಿ ಕೇಳುವುದಿಲ್ಲ ಎಂದು ನಾನು ಕಾಗದ ಬರೆಯುತ್ತೇನೆ. ಜಾವೀದನೇ ನಿನಗೆ ಹೇಳಿರಬೇಕು, ಅವನು ಹೇಳಿದಾಗ ನಿನ್ನ ಕಿವಿ ಚೆನ್ನಾಗಿತ್ತು.

ಫಯಾಜನಿಗೆ ಇದನ್ನು ಹೇಳಿಲ್ಲ. ಅವನು ತನ್ನ ತಾಟನ್ನು ಆಳಂದದಿಂದ ಬಗಲಲ್ಲಿಟ್ಟುಕೊಂಡು ತಂದಿದ್ದಾನೆ. ದವಾಖಾನೆಯಲ್ಲೂ ಅದರಲ್ಲೇ ಉಂಡ. ನೀನು ಹೊಡೆದದ್ದು ಅವನಿಗೆ ನೆನಪಿಲ್ಲ. 'ಮಾಮೂ ಕೊಡಸ್ಯಾರ' ಎಂಬುದು ನೆನಪಿದೆ.

ನೀನು ಇಲ್ಲಿಗೆ ಬಾ. ಆ ತಾಟಿನಲ್ಲಿ ಅವನ ಜೊತೆ ಉಣ್ಣು. ಉಂಡರೆ ನನ್ನ ಕಡೆಯಿಂದ ಎಲ್ಲ ಮುಗಿಯಿತು, ಅವನನ್ನು ಮತ್ತೆ ನಿನ್ನ ಒಲೆಗೆ ಕರೆದುಕೊಂಡು ಹೋಗು. ಬರದಿದ್ದರೆ ಕಾಗದ ಬರೆಯಬೇಡ.

ಖಾಸೀಂಬಿ


ಆಳಂದ
24 ಜೂನ್ 2024

ಖಾಸೀಂಬಿ,

ನನ್ನನ್ನು ನೀನು ಎಂದು ಬರೆದಿದ್ದೀಯ. ಬರಿ.

ಜಾವೀದ ಸೊಲ್ಲಾಪುರದ ದವಾಖಾನೆಯ ಜಗಲಿಯಲ್ಲಿ ಹೇಳಿದ. ಎಲುಬಿನ ಗೂಡಾಗಿದ್ದ. 'ಭಾಯಿ, ನಂದು ಟಿಬಿ ಅಷ್ಟ ಅಲ್ಲ. ಖಾಸೀಂಬಿದು, ಹುಡುಗಂದು ರಕ್ತಾ ನೋಡಸ್ರಿ' ಎಂದ. ಹೂಂ ಎಂದೆ. ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಮುಂದಿನ ತಿಂಗಳು ನನ್ನ ಮಗಳ ನಿಕಾಹ್ ಗೊತ್ತಾಗಿತ್ತು. ಇಪ್ಪತ್ತೆರಡು ಮದುವೆಯ ಅಡುಗೆ ಹಿಡಿದಿದ್ದೆ. ರಕ್ತ ನೋಡಿಸಿದರೆ ಒಬ್ಬನಿಗೆ ಗೊತ್ತಾಗುತ್ತದೆ, ಒಬ್ಬನಿಂದ ಆಳಂದಕ್ಕೆ. ನಿಕಾಹ್ ಮುಗಿಯಲಿ ಎಂದೆ. ಮುಗಿಯಿತು. ಈದ್ ಮುಗಿಯಲಿ ಎಂದೆ. ಹುಡುಗ ಆಡಿಕೊಂಡಿದ್ದ, ಏನೂ ಇರಲಿಕ್ಕಿಲ್ಲ ಎಂದುಕೊಂಡೆ. ಆದರೂ ತಾಟು ಬೇರೆ ಮಾಡಿದೆ. ನೀನು ಅದನ್ನು ಮುದ್ದು ಎಂದುಕೊಂಡೆ. ನಾನು ಅಲ್ಲ ಎನ್ನಲಿಲ್ಲ.

ಇನ್ನೊಂದು. ಸುಪಾರಿ ಡಬ್ಬಿ ತೆರೆದಾಗ ನನಗೆ ತಿಳಿಯಿತು. ಪೂರಾ ಅಲ್ಲ. ಹೊಟ್ಟೆಯಲ್ಲಿ ಎಲ್ಲೋ ತಿಳಿಯಿತು. ನಶೆ ಎಂದು ಕೂಗಿದರೆ ಅದು ನಶೆಯೇ ಆಗುತ್ತದೆ ಎಂದು ಕೂಗಿದೆ. ತಂಗಿಯ ಮಗ ನಶೆಬಾಜ ಎಂದರೆ ಜನ ನಗುತ್ತಾರೆ, ಅನ್ನ ಉಣ್ಣುತ್ತಾರೆ.

ಬರುತ್ತೇನೆ. ಮೊಹರಂ ಕಳೆಯಲಿ.

ಹುಸೇನಸಾಬ


ಆಳಂದ
14 ಸೆಪ್ಟೆಂಬರ್ 2024

ಖಾಸೀಂಬಿ,

ಮೊನ್ನೆ ನಿನ್ನ ಮನೆಯಿಂದ ಬಂದ ಮೇಲೆ ನಿದ್ದೆ ಇಲ್ಲ. ನೀನು ಬಾಗಿಲ ತನಕ ಬಂದು ಇಪ್ಪತ್ತು ವರ್ಷದ ಮೇಲೆ ನನ್ನ ಕೈ ಹಿಡಿದೆ. 'ತಾಟ ಖಾಲಿ ಮಾಡಿದ್ರಿ ಭಾಯಿಜಾನ್' ಎಂದೆ. ನಿನ್ನ ತುಟಿ ಓದಿದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಸುಳ್ಳನ್ನು ಕಾಗದದಲ್ಲಿ ಒಂದು ಸಲ ಬರೆದಿದ್ದೇನೆ, ಸಾಕು.

ಫಯಾಜ ನನ್ನನ್ನು ಕಂಡು ಎದ್ದು ನಿಂತ. ಸಲಾಮ ಹೇಳಿದ. ಮಾತು ಮೊದಲಿಗಿಂತ ಬೇಗ ಬರುತ್ತಿದೆ, ಗುಳಿಗೆಯ ಗುಣ ಕಾಣುತ್ತಿದೆ. 'ಖಿಚಡಿ ನಾನ ಮಾಡೇನ್ರಿ ಮಾಮೂ, ಉಪ್ಪ ಹಾಕಿದ ಮ್ಯಾಲ ಡಬ್ಬಿ ಮುಚ್ಚಳಾ ತಿರುವಿ ಇಟ್ಟೇನ್ರಿ, ಮತ್ತ ಹಾಕಬಾರದಂತ' ಎಂದು ನನ್ನ ಕಿವಿಯಲ್ಲಿ ಕೂಗಿದ. ಹೆಸರು ಇದ್ದ ಆ ತಾಟಿನಲ್ಲೇ ಬಡಿಸಿದ. ಒಂದು ಬದಿ ಅವನು, ಇನ್ನೊಂದು ಬದಿ ನಾನು. ನೀನು ನೀರು ತರಲು ಹಿತ್ತಿಲಿಗೆ ಹೋದೆ.

ಹಬೆ ಮೂಗಿಗೆ ಬಡಿಯಿತು. ಉಪ್ಪು ಸರಿಯಾಗಿತ್ತು. ನಾನು ಹಾಕಿದ್ದರೂ ಅಷ್ಟೇ ಹಾಕುತ್ತಿದ್ದೆ.

ಕೈ ಹೋಗಲಿಲ್ಲ ಬೇ. ನೀನು ಬರೆದದ್ದು ಗೊತ್ತು, ಡಾಕ್ಟರಮ್ಮ ತಿಂದದ್ದು ಗೊತ್ತು. ಆದರೂ ಹೋಗಲಿಲ್ಲ. ತುತ್ತು ಮಾಡಿ ಮಾಡಿ ಮುಖ ಒರೆಸುವ ನನ್ನ ದಸ್ತಿಯೊಳಗೆ ಕಟ್ಟಿಕೊಂಡು ಕಿಸೆಯಲ್ಲಿಟ್ಟುಕೊಂಡೆ. ಜೇವರ್ಗಿ ಬಸ್‌ಸ್ಟ್ಯಾಂಡಿನ ಹಿಂದೆ ನಾಯಿಗಳಿಗೆ ಹಾಕಿದೆ. ದಸ್ತಿಯನ್ನೂ ಅಲ್ಲೇ ಬಿಟ್ಟೆ.

ಫಯಾಜ ನೋಡಿದ. ನೋಡಲಿ, ಇವನಿಗೆ ನೆನಪಿರುವುದಿಲ್ಲ ಎಂದುಕೊಂಡೆ. ಅವನು ನೋಡುತ್ತಿದ್ದಾಗಲೇ ಕಟ್ಟಿಕೊಂಡೆ.

ಸೌಟನ್ನು ಮುಸ್ತಕೀಮನಿಗೆ ಕೊಟ್ಟೆ. ಫಯಾಜನನ್ನು ಕಳಿಸಬೇಡ.

ಹುಸೇನಸಾಬ


ಜೇವರ್ಗಿ
23 ಸೆಪ್ಟೆಂಬರ್ 2024

ಹುಸೇನಸಾಬನಿಗೆ,

ಫಯಾಜ ಮರೆತಿಲ್ಲ. ನೀನು ಬಸ್ಸು ಹತ್ತುವ ಮೊದಲೇ ನನಗೆ ಹೇಳಿದ. 'ಅಮ್ಮಿ, ಮಾಮೂಗ ನನ್ನ ಖಿಚಡಿ ಭಾಳ ಸೇರೇತಿ. ದಸ್ತ್ಯಾಗ ಕಟಗೊಂಡು ಹೋಗ್ಯಾರ, ಮನ್ಯಾಗ ಮಂದಿಗೆ ರುಚಿ ತೋರ್ಸಾಕ.' ಓಣಿಯ ಪ್ರತಿ ಬಾಗಿಲಲ್ಲೂ ನಿಂತು ಹೇಳಿ ಬಂದ. ನಾನು ತಾಟು ತೋರಿಸಿಕೊಂಡು ತಿರುಗಿದ ಬಾಗಿಲುಗಳೇ.

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿಲ್ಲ. ಒಲೆಗೆ ಹಾಕಿದೆ.

ದಿನಾ ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿ, ತಾಟನ್ನು ಮೇಲೆ ಇಟ್ಟು, ಹೊಸ್ತಿಲಲ್ಲಿ ಕೂಡುತ್ತಾನೆ. ಮಾಮೂ ಯಾವತ್ತು ಕರೆಸುತ್ತಾರೆ ಎಂದು ಕೇಳುತ್ತಾನೆ. ನಾಳೆ ಎನ್ನುತ್ತೇನೆ. ಉಪ್ಪು ಮರೆಯುತ್ತಾನೆ, ದಿನ ಮರೆಯುತ್ತಾನೆ, ಕಾಲಿನ ಬೆರಳು ಹೋದದ್ದನ್ನು ಮರೆಯುತ್ತಾನೆ. ಇದೊಂದನ್ನು ಮಾತ್ರ ಮರೆಯುವುದಿಲ್ಲ.

ಖಾಸೀಂಬಿ